ಕಡಲಗುಡ್ಡದ ಗಾಳಿ, ಹಿಮದ ಇಳಿಜಾರು: ಪ್ಯಾರಾಗ್ಲೈಡಿಂಗ್ ಪ್ರಶ್ನೋತ್ತರ

ಪ್ರಶ್ನೆ: ಕಡಲ ಪಕ್ಕದ ಗುಡ್ಡದಲ್ಲಿ ಬೆಳಿಗ್ಗೆ ಸಲೀಸಾಗಿ ಹಾರಿದೆ. ಮಧ್ಯಾಹ್ನ ಅದೇ ಜಾಗದಲ್ಲಿ ಗುಡ್ಡದ ನೆತ್ತಿಯ ಮೇಲೆ ಗಾಳಿಯಲ್ಲಿ ನಿಂತಲ್ಲೇ ನಿಂತುಬಿಟ್ಟೆ, ಮುಂದಕ್ಕೆ ಹೋಗಲೇ ಇಲ್ಲ. ಟೇಕಾಫ್‌ಗೆ ಮುಂಚೆ ಗಾಳಿ ಅಳೆದಿದ್ದೆ, ಗಂಟೆಗೆ 20 ಕಿ.ಮೀ. ಮಾತ್ರ ಇತ್ತು.

ಉತ್ತರ: ಅಳೆದದ್ದು ಎಲ್ಲಿ ಎಂಬುದೇ ಇಲ್ಲಿ ಮುಖ್ಯ. ಕಡಲಿಂದ ಬಂದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿ, ನೆತ್ತಿ ದಾಟುವಾಗ ಇಕ್ಕಟ್ಟಿನಲ್ಲಿ ನುಗ್ಗಿ ವೇಗ ಪಡೆಯುತ್ತದೆ. ಬುಡದಲ್ಲಿ 20 ಇದ್ದದ್ದು ಮೇಲೆ 30 ಇರಬಹುದು. ಜೊತೆಗೆ ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುವುದರಿಂದ ಕಡಲಗಾಳಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಬ್ರೇಕ್ (ವಿಂಗ್‌ನ ಹಿಂದಂಚನ್ನು ಎಳೆಯುವ ಕೈಹಿಡಿ) ಪೂರ್ತಿ ಬಿಟ್ಟಾಗ ಸಾಮಾನ್ಯ ವಿಂಗ್‌ನ, ಅಂದರೆ ತಲೆಯ ಮೇಲಿನ ಬಟ್ಟೆಯ ರೆಕ್ಕೆಯ, ವೇಗ ಗಂಟೆಗೆ ಸುಮಾರು 36ರಿಂದ 38 ಕಿ.ಮೀ. ಎದುರುಗಾಳಿಯೂ ಅಷ್ಟೇ ಇದ್ದರೆ ನೆಲದ ಲೆಕ್ಕದಲ್ಲಿ ನೀವು ನಿಂತಂತೆಯೇ. 20ರಿಂದ 30ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಆದರೆ ಗಾಳಿಯ ತಳ್ಳುವ ಬಲ ಎರಡೂಕಾಲು ಪಟ್ಟು. ನೆಲದ ಮೇಲೆ ವಿಂಗ್ ನಿಮ್ಮನ್ನು ಎಳೆದುಕೊಂಡು ಹೋಗುವುದೂ ಇದರಿಂದಲೇ.

ಆದ್ದರಿಂದ ಟೇಕಾಫ್ ಅಂಚಿನಲ್ಲೇ, ಕೈ ತಲೆಯ ಮೇಲೆ ಎತ್ತಿ, ಕನಿಷ್ಠ ಐದು ನಿಮಿಷ ಅಳೆಯಿರಿ. ಸರಾಸರಿಗಿಂತ ಜೋರು ಬೀಸಿನ ಅಂಕಿ ಮುಖ್ಯ. 15ರಿಂದ 25 ಒಳ್ಳೆಯದು. ಬೀಸು 30 ಮುಟ್ಟುತ್ತಿದ್ದರೆ ವಿಂಗ್ ಮಡಚಿಡಿ. ಕಡಲನ್ನೂ ನೋಡಿ: ಎಲ್ಲೆಡೆ ಅಲೆಗಳ ತುದಿಯಲ್ಲಿ ಬಿಳಿ ನೊರೆ ಎದ್ದಿದೆ ಎಂದರೆ ನೀರಿನ ಮೇಲೆಯೇ ಗಾಳಿ 20 ದಾಟಿದೆ.

ಹಾರುತ್ತಿರುವಾಗ ಮುಂದಿನ ಚಲನೆ ಕುಂದಿತೆಂದು ಅನ್ನಿಸಿದ ಕೂಡಲೇ ಕಡಲ ಕಡೆಗೆ ಮೂತಿ ಮಾಡಿ, ಸ್ಪೀಡ್ ಬಾರನ್ನು (ವೇಗ ಹೆಚ್ಚಿಸಲು ಕಾಲಿನಿಂದ ಒತ್ತುವ ಕಡ್ಡಿ) ನಿಧಾನವಾಗಿ ಒತ್ತಿ, ಅಂಚಿನಿಂದ ದೂರ ಹೋಗಿ. ತೀರಾ ಹಿಂದಕ್ಕೆ ತಳ್ಳಿಸಿಕೊಂಡ ಮೇಲೆ ಬಾರ್ ಒತ್ತಿದರೆ ಪ್ರಯೋಜನ ಕಡಿಮೆ. ನೆತ್ತಿಯ ಹಿಂಬದಿಯಲ್ಲಿ ಗಾಳಿ ಸುರುಳಿ ಸುತ್ತುವ ರೋಟರ್ ಇರುತ್ತದೆ. ಅಲ್ಲಿ ವಿಂಗ್ ಕುಸಿದರೆ ತೆರೆದುಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ.

ಪ್ರಶ್ನೆ: ಗುಡ್ಡದ ಮುಂದೆ ಇಬ್ಬರು ಎದುರಾದರೆ ಯಾರು ಸರಿಯಬೇಕು?

ಉತ್ತರ: ಗುಡ್ಡ ಯಾರ ಎಡಕ್ಕಿದೆಯೋ ಅವರು ಬಲಕ್ಕೆ, ಅಂದರೆ ಹೊರಗೆ ಸರಿಯಬೇಕು. ಬಲಕ್ಕೆ ಗುಡ್ಡ ಇರುವವರಿಗೆ ಸರಿಯಲು ಜಾಗವೇ ಇಲ್ಲ. ತಿರುವು ಯಾವಾಗಲೂ ಗುಡ್ಡದಿಂದ ಆಚೆಗೆ.

ಪ್ರಶ್ನೆ: ಕೆಳಗೆ ಮರಳು ದಂಡೆ ಸಿಗದೆ ನೀರಿಗೇ ಇಳಿಯಬೇಕಾದರೆ?

ಉತ್ತರ: ಹಾರ್ನೆಸ್‌ನ, ಅಂದರೆ ನೀವು ಕೂರುವ ಪಟ್ಟಿಗಳ ಆಸನದ, ಬೆನ್ನಿನ ಫೋಮ್ ತೇಲುತ್ತದೆ, ನಿಮ್ಮ ಮುಖವನ್ನು ನೀರೊಳಗೆ ಒತ್ತುತ್ತದೆ. ಹಾಗಾಗಿ ನೀರಿಗಿಳಿಯುವುದು ಖಚಿತವಾದಾಗ ಸೀಟಿನಲ್ಲಿ ಹಿಂದಕ್ಕೆ ಒರಗಿ ಕುಳಿತೇ ಎದೆಪಟ್ಟಿ, ಕಾಲುಪಟ್ಟಿ ಬಿಚ್ಚಿ. ಕಾಲು ನೀರು ಮುಟ್ಟುವವರೆಗೆ ಜಾರಿ ಇಳಿಯಬೇಡಿ. ನೀರಿನ ಮೇಲೆ ಎತ್ತರದ ಅಂದಾಜು ಕೈಕೊಡುತ್ತದೆ, ಐದು ಮೀಟರ್ ಎಂದುಕೊಂಡದ್ದು ಇಪ್ಪತ್ತಿರಬಹುದು. ಅಲೆ ಒಡೆಯುವ ಜಾಗದಲ್ಲಿ ವಿಂಗ್ ಉಳಿಸಲು ಹೋಗಬೇಡಿ. ನೀರು ತುಂಬಿದ ಬಟ್ಟೆಯನ್ನು ಅಲೆ ಎಳೆದಾಗ ವಿಂಗ್‌ನ ದಾರಗಳು ಕಾಲಿಗೆ ಸುತ್ತುತ್ತವೆ.

ಪ್ರಶ್ನೆ: ಸ್ಕೀ (ಹಿಮದ ಮೇಲೆ ಜಾರುವ ಹಲಗೆ) ಕಟ್ಟಿಕೊಂಡು ಟೇಕಾಫ್ ಮಾಡುವುದು ಓಡುವುದಕ್ಕಿಂತ ಸುಲಭ ಎನ್ನುತ್ತಾರೆ. ನನಗೆ ಎರಡು ಸಲವೂ ದಾರ ಸ್ಕೀಗೆ ಸಿಕ್ಕಿಕೊಂಡಿತು.

ಉತ್ತರ: ಸುಲಭವೇ, ಸಿದ್ಧತೆ ಸರಿಯಿದ್ದರೆ. ಬೂಟು ಒತ್ತಿದಾಗ ಬೈಂಡಿಂಗ್‌ನ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಬ್ರೇಕ್ ಕಡ್ಡಿಗಳು ಮೇಲೆದ್ದು ಸ್ಕೀಯ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಸಡಿಲವಾಗಿ ಬಿದ್ದ ದಾರ ಆ ಕೊಕ್ಕೆಗೇ ಸಿಗುತ್ತದೆ. ದಪ್ಪ ರಬ್ಬರ್ ಬ್ಯಾಂಡಿನಿಂದ ಎರಡೂ ಕಡ್ಡಿಗಳನ್ನು ಒಳಕ್ಕೆ ಎಳೆದು ಬಿಗಿಯಿರಿ. ಆಮೇಲೆ ಕಳಚಿದ ಸ್ಕೀ ತಾನಾಗಿ ನಿಲ್ಲುವುದಿಲ್ಲ, ಹಾಗಾಗಿ ಅದನ್ನು ಪಟ್ಟಿಯಿಂದ ಕಾಲಿಗೆ ಕಟ್ಟಲೇಬೇಕು.

ಇನ್ನೊಂದು ಕಾರಣ, ಹಿಂದಕ್ಕೆ ಹೆಜ್ಜೆ ಇಡುವುದು. ಮಿಲಿಮೀಟರ್ ದಪ್ಪದ ದಾರ ಹಿಮದಲ್ಲಿ ಹುದುಗಿರುತ್ತದೆ, ಸ್ಕೀಯ ಲೋಹದ ಅಂಚು ಅದರ ಮೇಲೆ ಬಂದರೆ ಚಾಕುವಿನಂತೆ ಕತ್ತರಿಸುತ್ತದೆ. ಮೊದಲು ವಿಂಗ್ ಹರಡಿ, ಅದು ಇಳಿಜಾರಿನಲ್ಲಿ ಜಾರದಂತೆ ಹಿಂದಂಚಿನ ಮೇಲೆ ಎರಡು ಮೂರು ಹಿಡಿ ಸಡಿಲ ಹಿಮ ಹಾಕಿ. ದಾರ ಬಿಡಿಸಿ, ಹಾರ್ನೆಸ್ ಕೊಂಡಿ ಹಾಕಿ. ಕೊನೆಗೆ ಇಳಿಜಾರಿಗೆ ಅಡ್ಡಲಾಗಿ ಸ್ಕೀ ಇಟ್ಟು ಬೂಟು ಒತ್ತಿ. ದಾರ ಬಿಗಿಯಾಗುವವರೆಗೆ ಮುಂದೆ ಸರಿದು, ಎರಡೂ ಸ್ಕೀಗಳ ಹಿಂತುದಿ ತಿರುಗಿ ನೋಡಿ, ಆಮೇಲೆ ಮೂತಿ ಕೆಳಗೆ ತಿರುಗಿಸಿ. ರೈಸರನ್ನು (ದಾರಗಳನ್ನು ಹಾರ್ನೆಸ್‌ಗೆ ಸೇರಿಸುವ ಪಟ್ಟಿ) ಜಗ್ಗಬೇಡಿ, ಜಾರುವ ವೇಗವೇ ವಿಂಗ್ ಎತ್ತುತ್ತದೆ. ಅದು ತಲೆಯ ಮೇಲೆ ನೇರ ನಿಂತಿದೆಯೇ ಎಂದು ಕಣ್ಣಾರೆ ಕಂಡ ಮೇಲಷ್ಟೇ ಮುಂದುವರಿಯಿರಿ. ಓರೆಯಾಗಿದ್ದರೆ ಎರಡೂ ಬ್ರೇಕ್ ಪೂರ್ತಿ ಎಳೆದು, ಸ್ಕೀ ಅಡ್ಡ ತಿರುಗಿಸಿ ನಿಲ್ಲಿ.

ಸ್ಕೀ ವೇಗ ಇರುವುದರಿಂದ ಸ್ವಲ್ಪ ಹಿಂಗಾಳಿಯಲ್ಲೂ ಏಳಬಹುದು ಎಂಬ ಮಾತಿಗೆ ಮರುಳಾಗಬೇಡಿ. ಆ ಹಿಂಗಾಳಿ ಶಿಖರ ದಾಟಿ ಬರುತ್ತಿರುವ ದೊಡ್ಡ ಗಾಳಿಯ ಬಾಲವಾಗಿದ್ದರೆ, ನೀವು ಹಾರಿ ಸೇರುವುದು ರೋಟರ್‌ಗೇ. 3000 ಮೀಟರ್ ಎತ್ತರದಲ್ಲಿ ತೆಳುವಾದ ಗಾಳಿಯಿಂದಾಗಿ ಟೇಕಾಫ್ ವೇಗವೂ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 15 ಹೆಚ್ಚು ಬೇಕು.

ಪ್ರಶ್ನೆ: ಮೋಡ ಕವಿದ ದಿನ ಹಿಮದ ಮೇಲೆ ಇಳಿಯುವಾಗ ನೆಲ ಎಲ್ಲಿದೆ ಎಂದೇ ತಿಳಿಯಲಿಲ್ಲ.

ಉತ್ತರ: ನೆರಳಿಲ್ಲದ ಬೆಳಕಿನಲ್ಲಿ ಬಿಳಿ ನೆಲ, ಬಿಳಿ ಆಕಾಶ ಒಂದಾಗುತ್ತವೆ. ಮರ, ಕಂಬ, ಹಳೆಯ ಸ್ಕೀ ಗೆರೆ ಇರುವ ಜಾಗವನ್ನೇ ಆರಿಸಿ. ಸ್ಕೀ ಮಾಡುವವರನ್ನು ಮೇಲಕ್ಕೊಯ್ಯುವ ಲಿಫ್ಟ್‌ನ ಕೇಬಲ್‌ಗಳಿಂದ ಮಾತ್ರ ತುಂಬಾ ದೂರ ಇರಿ, ಕಂಬ ಕಂಡರೂ ತಂತಿ ಕಾಣುವುದಿಲ್ಲ. ಎತ್ತರದ ಅಂದಾಜಿಲ್ಲದೆ ಬ್ರೇಕ್ ಪೂರ್ತಿ ಎಳೆಯಬೇಡಿ. ಸ್ವಲ್ಪ ಬ್ರೇಕ್ ಇಟ್ಟು, ಸ್ಕೀಗಳನ್ನು ಸಮಾನಾಂತರವಾಗಿ, ತುದಿ ಮೇಲಕ್ಕೆ ಹಿಡಿದು, ನೆಲ ತಾನಾಗಿ ತಾಗಲಿ.

ಪ್ರಶ್ನೆ: ಮನೆಗೆ ಬಂದ ಮೇಲೆ ವಿಂಗ್‌ಗೆ ಏನು ಮಾಡಬೇಕು?

ಉತ್ತರ: ಕಡಲಿಂದ ಬಂದಿದ್ದರೆ ವಿಂಗ್‌ನ ಗಾಳಿ ತುಂಬುವ ಕೋಶಗಳ ಬಾಯಿ ಕೆಳಗೆ ಮಾಡಿ ಒದರಿ. ಮರಳು ಹಿಂದಂಚಿನ ಮೂಲೆಗಳಲ್ಲಿ ಕೂತು, ಮಡಚಿದಾಗಲೆಲ್ಲ ಬಟ್ಟೆಯನ್ನು ಉಜ್ಜುತ್ತದೆ. ಉಪ್ಪುನೀರು ತಾಗಿದ್ದರೆ ಸಿಹಿನೀರಿನಲ್ಲಿ ತೊಳೆಯಿರಿ, ಸೋಪು ಬೇಡ, ನೆರಳಲ್ಲಿ ಒಣಗಿಸಿ. ಹಾರ್ನೆಸ್ಸನ್ನು ವಿಂಗ್‌ಗೆ ಜೋಡಿಸುವ ಕ್ಯಾರಬಿನರ್‌ಗಳ ಕೊಂಡಿಯನ್ನೂ ತೊಳೆದು ತೆರೆದು ಮುಚ್ಚಿ ನೋಡಿ. ಹಿಮದಿಂದ ಬಂದಿದ್ದರೆ ಮೃದು ಬ್ರಷ್‌ನಿಂದ ಹಿಮ ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಹರವಿಡಿ. ಹಾರ್ನೆಸ್ ಒದ್ದೆಯಾಗಿದ್ದರೆ ಒಳಗಿನ ರಿಸರ್ವ್ (ತುರ್ತಿನ) ಪ್ಯಾರಾಚೂಟನ್ನೂ ಹೊರತೆಗೆದು ಒಣಗಿಸಿ, ಬಲ್ಲವರಿಂದ ಮತ್ತೆ ಮಡಚಿಸಿ. ತೇವಕ್ಕೆ ಅಂಟಿಕೊಂಡ ಬಟ್ಟೆ ತೆರೆದುಕೊಳ್ಳಲು ಹೆಚ್ಚು ಹೊತ್ತು ಬೇಕು.