ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮನೆತನ ಇದ್ದ ಮನೆ ಎಲ್ಲಿ ಹೋಯ್ತು?

ದರಿಯಾ ದೌಲತ್ ಅರಮನೆಯೇ ಟಿಪ್ಪು ಮನೆತನದ ವಾಸದ ಮನೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಅದು ಕೋಟೆಯ ಹೊರಗೆ ತೋಟದಲ್ಲಿರುವ ಬೇಸಿಗೆ ಅರಮನೆ, 1784ರದ್ದು. ಟಿಪ್ಪು ಸಂಸಾರ ಸಮೇತ ಇದ್ದದ್ದು ಕೋಟೆಯೊಳಗಿನ ಲಾಲ್ ಮಹಲ್‌ನಲ್ಲಿ, ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ. ಈಗ ಅಲ್ಲಿ ಉಳಿದಿರೋದು ಸ್ವಲ್ಪ ಮುರುಕು ಗೋಡೆ, ಅಡಿಪಾಯ ಅಷ್ಟೇ. ಜಾಸ್ತಿ ಜನ ನೋಡದೇ ಹೋಗ್ತಾರೆ.

1799ರ ಮೇನಲ್ಲಿ ಕೋಟೆ ಬ್ರಿಟಿಷರ ಕೈಗೆ ಬಿದ್ದಾಗ ಈ ಮನೆ ಸುಟ್ಟುಹೋಗಲಿಲ್ಲ. ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸರ್ವೆಗೆ ಬಂದ ಫ್ರಾನ್ಸಿಸ್ ಬುಕಾನನ್ ಅದನ್ನು ನೋಡಿ ಬರೆದಿದ್ದಾನೆ: ಹೊರಗಿಂದ ನೋಡಿದರೆ ಏನೂ ಅಂದವಿಲ್ಲ, ಸುತ್ತ ಕಲ್ಲು ಮಣ್ಣಿನ ದಪ್ಪ ಗೋಡೆ, ಮಲಗುವ ಕಡೆ ಹೋಗುವ ಓಣಿಯಲ್ಲಿ ಸರಪಳಿ ಹಾಕಿದ ಹುಲಿಗಳನ್ನು ಕಟ್ಟುತ್ತಿದ್ದರಂತೆ. (ರಾತ್ರಿ ನೀರು ಕುಡಿಯೋಕೆ ಎದ್ದವರ ಗತಿ ಏನೋ!) ಆದರೆ ಮನೆಯವರು ಅಲ್ಲಿ ಉಳಿಯಲಿಲ್ಲ. ಟಿಪ್ಪುವಿನ ಮಕ್ಕಳನ್ನು ಮೊದಲು, ಹೆಂಗಸರನ್ನು ಆಮೇಲೆ ವೆಲ್ಲೂರಿಗೆ ಕಳಿಸಿದರು, ಅಲ್ಲಿ 1806ರ ಸಿಪಾಯಿ ದಂಗೆಯಾದ ಮೇಲೆ ಮಕ್ಕಳನ್ನು ಕಲ್ಕತ್ತಕ್ಕೆ. ಪುಸ್ತಕಗಳನ್ನು ಕಂಪನಿಯವರು ತಗೊಂಡರು. ಮನುಷ್ಯನ ಮೇಲೆ ಬಿದ್ದಿರುವ ಟಿಪ್ಪುವಿನ ಆ ಮರದ ಹುಲಿ ಗೊಂಬೆ ಇದೆಯಲ್ಲ, ಅದು ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಆಮೇಲೆ ಬ್ರಿಟಿಷರೇ ಮನೆಯನ್ನು ಕೆಡವಿದರು. ಶ್ರೀರಂಗಪಟ್ಟಣದ ಟಿಪ್ಪು ಅರಮನೆಯ ತೊಲೆಗಳನ್ನು ನೋಡಬೇಕು ಅಂದ್ರೆ ಊಟಿಗೆ ಹೋಗಿ. 1830ರ ಹೊತ್ತಿಗೆ ಕಟ್ಟಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಆ ಮರವನ್ನು ಬಳಸಿದ್ದಾರೆ.