ರೋಬೋಟ್‌ಗೆ ಹಾಕಿದ ಮೆಟಲ್ ಸೆನ್ಸರ್ ಮರಳಿನಲ್ಲಿರುವ ನಾಣ್ಯ ಹಿಡಿಯುತ್ತಿಲ್ಲ, ಕೆಟ್ಟಿದೆಯಾ?

ಕೆಟ್ಟಿಲ್ಲ. ಅದು ಇರುವುದೇ ಹಾಗೆ. ಎಲ್‌ಜೆ12ಎ3-4 ಸೆನ್ಸರ್ ಹಾಕಿದ್ದೀನಿ, ನಾಣ್ಯವನ್ನು ಮೂತಿಗೆ ತಾಗಿಸಿದರೆ ಮಾತ್ರ ಲೈಟ್ ಹೊತ್ತಿಕೊಳ್ಳುತ್ತೆ ಅಂತ ಬರೆದಿದ್ದೀರಲ್ವಾ, ಉತ್ತರ ಆ ಹೆಸರಿನಲ್ಲೇ ಇದೆ. 12 ಅಂದರೆ ಸೆನ್ಸರಿನ ದಪ್ಪ 12 ಮಿಲಿಮೀಟರ್. ಕೊನೆಯ 4 ಅಂದರೆ ಅದು ಲೋಹವನ್ನು ಹಿಡಿಯುವ ದೂರ, 4 ಮಿಲಿಮೀಟರ್. ಸೆಂಟಿಮೀಟರ್ ಅಲ್ಲ! ಅದೂ ಎದುರಿಗೆ ಸಾಕಷ್ಟು ಅಗಲದ ಮೈಲ್ಡ್ ಸ್ಟೀಲ್ ತುಂಡು ಇದ್ದಾಗ. ಹಿತ್ತಾಳೆ ಆದರೆ ಅದರ ಅರ್ಧದಷ್ಟು, ಅಲ್ಯೂಮಿನಿಯಂ, ತಾಮ್ರ ಆದರೆ ಇನ್ನೂ ಕಡಿಮೆ, ಒಂದೂವರೆ ಮಿಲಿಮೀಟರ್ ಸಿಕ್ಕರೆ ಹೆಚ್ಚು. ಮೂತಿಯೊಳಗೆ ಒಂದು ಪುಟ್ಟ ಕಾಯಿಲ್ ಇದೆ, ಆಸಿಲೇಟರ್, ಅಂದರೆ ಕರೆಂಟನ್ನು ಹಿಂದೆಮುಂದೆ ತೂಗುವ ಸರ್ಕ್ಯೂಟ್, ಅದನ್ನು ಸದಾ ಕುಣಿಸುತ್ತಿರುತ್ತದೆ. ಲೋಹ ಹತ್ತಿರ ಬಂದರೆ ಆ ಲೋಹದೊಳಗೆ ಎಡ್ಡಿ ಕರೆಂಟ್ (ಸುಳಿಯಂತೆ ಸುತ್ತುವ ಕರೆಂಟ್) ಹುಟ್ಟಿ ಕಾಯಿಲ್‌ನ ಶಕ್ತಿಯನ್ನು ಹೀರುತ್ತದೆ, ಕುಣಿತ ಕುಗ್ಗುತ್ತದೆ, ಸ್ವಿಚ್ ಆನ್ ಆಗುತ್ತದೆ. ಅಷ್ಟೇ ಅದರ ಕೆಲಸ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಬೋಲ್ಟ್ ತಲೆಗಳನ್ನು ಎಣಿಸಲು, ತ್ರೀಡಿ ಪ್ರಿಂಟರ್‌ನಲ್ಲಿ ಲೋಹದ ಬೆಡ್ ಎಲ್ಲಿದೆ ಅಂತ ನೋಡಲು ಬಲು ಒಳ್ಳೆಯದು. ಹುಡುಕಾಟಕ್ಕೆ ಅಲ್ಲ.

ಅದನ್ನು ಬೇರೆ ಯಾವುದಕ್ಕಾದರೂ ಬಳಸುವುದಾದರೆ, ರೋಬೋಟ್ ನಡೆಸುವ ಪುಟ್ಟ ಕಂಟ್ರೋಲರ್ ಬೋರ್ಡ್ ಆರ್ಡುಯಿನೋಗೆ ನೇರವಾಗಿ ಮಾತ್ರ ಸಿಕ್ಕಿಸಬೇಡಿ. ನಾನು ಹಾಗೆ ಮಾಡಿಯೇ ಒಂದು ಪಿನ್ ಸುಟ್ಟುಕೊಂಡಿದ್ದೇನೆ. ಕಂದು ವೈರ್ ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್, ಇದು ಸರಿ. ಹೆಸರಿನ ಕೊನೆಯಲ್ಲಿ ಬಿಎಕ್ಸ್ ಇದ್ದರೆ ಎನ್‌ಪಿಎನ್, ಅಂದರೆ ಲೋಹ ಕಂಡಾಗ ಕಪ್ಪು ವೈರನ್ನು ಗ್ರೌಂಡ್‌ಗೆ ಎಳೆಯುತ್ತದೆ. ಹಾಗಾದರೆ ಪುಲ್‌ಅಪ್ (ಪಿನ್ನನ್ನು ಸುಮ್ಮನಿದ್ದಾಗ ಪ್ಲಸ್ ಕಡೆಗೆ ಎಳೆದಿಡುವ ರೆಸಿಸ್ಟರ್) ಹಾಕಿ ಓದಿದರಾಯಿತು ಅಂದುಕೊಂಡೆ. ಆದರೆ ನನ್ನ ಸೆನ್ಸರಿನ ಒಳಗೇ ಪ್ಲಸ್ ಕಡೆಗೆ ಒಂದು ರೆಸಿಸ್ಟರ್ ಇತ್ತು, ಸೆನ್ಸರಿಗೆ ಕೊಟ್ಟಿದ್ದು 12 ವೋಲ್ಟ್, ಹಾಗಾಗಿ ಲೋಹ ಇಲ್ಲದಾಗ ಕಪ್ಪು ವೈರಿನಲ್ಲಿ ಹತ್ತಿರಹತ್ತಿರ 12 ವೋಲ್ಟ್ ಇರುತ್ತಿತ್ತು, ಆರ್ಡುಯಿನೋ ಪಿನ್ ತಡೆಯಲಾರದಷ್ಟು! ಮೊದಲೇ ಮಲ್ಟಿಮೀಟರ್ ಇಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ಈಗ ನಾನು ಸುಮ್ನೆ ಪಿಸಿ817 ಆಪ್ಟೋಕಪ್ಲರ್ ಹಾಕುತ್ತೇನೆ, ಅದು ಎರಡು ಕಡೆಗೂ ವೈರ್ ಸೇರಿಸದೆ ಬೆಳಕಿನ ಮೂಲಕವೇ ಸಿಗ್ನಲ್ ದಾಟಿಸುತ್ತದೆ. 12 ವೋಲ್ಟ್‌ನಿಂದ 2.2 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಒಳಗಿನ ಎಲ್‌ಇಡಿಯ ಆನೋಡ್, ಕ್ಯಾಥೋಡ್ ಕಪ್ಪು ವೈರಿಗೆ. ಆಚೆ ಬದಿಯ ಕಲೆಕ್ಟರ್ ಆರ್ಡುಯಿನೋ ಪಿನ್‌ಗೆ, ಎಮಿಟರ್ ಗ್ರೌಂಡ್‌ಗೆ, ಪಿನ್ ಮೋಡ್ ಇನ್‌ಪುಟ್ ಪುಲ್‌ಅಪ್. ಲೋಹ ಇದ್ದಾಗ ಲೋ ಬರುತ್ತದೆ, ಕೋಡ್‌ನಲ್ಲಿ ಉಲ್ಟಾ ಬರೆಯಬೇಡಿ.

ಇನ್ನು ನಿಮಗೆ ನಿಜವಾಗಿ ಬೇಕಾದದ್ದು. ಮರಳಿನೊಳಗೆ ನಾಲ್ಕೈದು ಸೆಂಟಿಮೀಟರ್ ಕೆಳಗಿನ ನಾಣ್ಯ ಬೇಕು ಅಂದರೆ ದೊಡ್ಡ ಕಾಯಿಲ್ ಬೇಕೇ ಬೇಕು. ಯಾಕೆ ಅಂದರೆ ಸಣ್ಣ ವಸ್ತುವಿನಿಂದ ವಾಪಸ್ ಬರುವ ಸಿಗ್ನಲ್, ಕಾಯಿಲ್‌ನ ಅಳತೆಗಿಂತ ದೂರ ಹೋದಂತೆ, ದೂರದ ಆರನೇ ಘಾತದಲ್ಲಿ ಇಳಿಯುತ್ತದೆ. ದೂರ ಎರಡರಷ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಸಾಫ್ಟ್‌ವೇರ್‌ನಲ್ಲಿ ಎಷ್ಟು ಒದ್ದಾಡಿದರೂ ಇದನ್ನು ಸರಿದೂಗಿಸಲು ಆಗಲ್ಲ. ಕಾಯಿಲ್‌ನ ಅಗಲದಷ್ಟು ಆಳ ಸಿಕ್ಕರೆ ಖುಷಿಪಡಿ ಅನ್ನುವುದು ನನ್ನ ಅಂದಾಜು.

ಕಾಯಿಲ್ ನೀವೇ ಸುತ್ತಬಹುದು. ಎಲ್‌ಡಿಸಿ1612 ಎನ್ನುವ ಚಿಪ್ ಇದೆ, ಎರಡು ಕಾಯಿಲ್ ಹಿಡಿಯುತ್ತದೆ, ಲೋಹ ಹತ್ತಿರ ಬಂದಾಗ ಕಾಯಿಲ್‌ನ ಇಂಡಕ್ಟೆನ್ಸ್ ಎಂಬ ಗುಣ ಬದಲಾದದ್ದನ್ನು 28 ಬಿಟ್ ಸಂಖ್ಯೆಯಾಗಿ ಐ2ಸಿ (ಚಿಪ್‌ಗಳು ಮಾತಾಡುವ ಎರಡು ವೈರಿನ ದಾರಿ) ಮೇಲೆ ಕೊಡುತ್ತದೆ. ಇದೆ ಅಥವಾ ಇಲ್ಲ ಅನ್ನುವ ಬದಲು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ ಗೊತ್ತಾಗುತ್ತದೆ, ರೋಬೋಟ್‌ಗೆ ಬೇಕಾದದ್ದು ಅದೇ. ನಿಮ್ಮ ಆಳಕ್ಕೆ ನಾನಾದರೆ ಇದರಿಂದಲೇ ಶುರು ಮಾಡುತ್ತೇನೆ. ಇನ್ನೂ ಜಾಸ್ತಿ ಆಳ ಬೇಕಿದ್ದರೆ ಪಲ್ಸ್ ಇಂಡಕ್ಷನ್ ಇದೆ. 20 ಸೆಂಟಿಮೀಟರ್ ಅಗಲದ ಕಾಯಿಲ್‌ಗೆ ಮಾಸ್‌ಫೆಟ್‌ನಿಂದ (ವೇಗದ ಎಲೆಕ್ಟ್ರಾನಿಕ್ ಸ್ವಿಚ್) ನೂರಿನ್ನೂರು ಮೈಕ್ರೋಸೆಕೆಂಡ್ ಕರೆಂಟ್ ಕೊಟ್ಟು ಥಟ್ಟನೆ ನಿಲ್ಲಿಸಿ, ಹತ್ತಿಪ್ಪತ್ತು ಮೈಕ್ರೋಸೆಕೆಂಡ್ ಆದಮೇಲೆ ಉಳಿದ ಸಿಗ್ನಲ್ ನೋಡುವುದು. ನಿಲ್ಲಿಸಿದ ಕ್ಷಣ ಕಾಯಿಲ್‌ನಲ್ಲಿ ನೂರಾರು ವೋಲ್ಟ್ ಏಳುತ್ತದೆ, ಕೈ ಜೋಪಾನ. ಮೊದಲ ಪ್ರಾಜೆಕ್ಟ್ ಆದರೆ ಇದಕ್ಕೆ ಕೈ ಹಾಕಬೇಡಿ.

ಯಾವುದನ್ನೇ ಆರಿಸಿ, ನಿಮಗೆ ಜಾಸ್ತಿ ಕಾಟ ಕೊಡುವುದು ನಿಮ್ಮ ರೋಬೋಟೇ. ಮೋಟಾರ್, ಬ್ಯಾಟರಿ, ಸ್ಕ್ರೂ ಎಲ್ಲವೂ ಲೋಹ. ಟೆಲಿಫೋನ್‌ನ ಗ್ರಹಾಂ ಬೆಲ್ 1881ರಲ್ಲಿ ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿದ್ದ ಗುಂಡನ್ನು ಇಂಥದ್ದೇ ಯಂತ್ರದಿಂದ ಹುಡುಕಲು ಹೋಗಿ ಸೋತರು. ಹಾಸಿಗೆಯ ಕೆಳಗಿದ್ದ ಲೋಹದ ಸ್ಪ್ರಿಂಗ್‌ಗಳೂ ಅದಕ್ಕೆ ಒಂದು ಕಾರಣ ಅಂತ ಹೇಳುತ್ತಾರೆ. ನಿಮ್ಮ ಮೋಟಾರ್ ಆ ಸ್ಪ್ರಿಂಗ್‌ಗಿಂತ ಕೆಟ್ಟದ್ದು, ಯಾಕಂದರೆ ಅದು ಸುಮ್ಮನಿರದೆ ಗದ್ದಲವನ್ನೂ ಮಾಡುತ್ತದೆ. ಕಾಯಿಲ್ ಅನ್ನು ಮರದ ಅಥವಾ ಪ್ಲಾಸ್ಟಿಕ್ ಕೋಲಿನ ತುದಿಗೆ, ಗಾಡಿಯಿಂದ ಒಂದಡಿ ಮುಂದಕ್ಕೆ ಕಟ್ಟಿ. ಎರಡು ಹೆಜ್ಜೆ ಓಡಿಸಿ, ಮೋಟಾರ್ ನಿಲ್ಲಿಸಿ, ಆಗ ರೀಡಿಂಗ್ ತೆಗೆದುಕೊಳ್ಳಿ. ಕಾಯಿಲ್ ಅಲ್ಲಾಡದ ಹಾಗೆ ಬಿಗಿಯಾಗಿ ಅಂಟಿಸಿ, ಇಲ್ಲದಿದ್ದರೆ ಪ್ರತಿ ಕುಲುಕಾಟಕ್ಕೂ ನಾಣ್ಯ ಸಿಕ್ಕಿತು ಅಂತ ಕೂಗುತ್ತದೆ.

ಎಷ್ಟು ಆಳ ಬೇಕು, ಗಾಡಿ ಎಷ್ಟು ಅಗಲ ಇದೆ ಹೇಳಿದರೆ ಕಾಯಿಲ್‌ಗೆ ಎಷ್ಟು ಸುತ್ತು ಅಂತ ಲೆಕ್ಕ ಹಾಕಿ ತಿಳಿಸುತ್ತೇನೆ.