ಎಸ್ಟೇಟ್ ರೈಟರ್ ಮಾಡುವುದೂ ಎಚ್‌ಆರ್ ಕೆಲಸವೇ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮೂಡಿಗೆರೆ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಕೆಲಸಗಾರರ ಹಾಜರಿ, ಕೂಲಿ ಲೆಕ್ಕ ಬರೆಯುವವರು, ಆಗಿರುವ ಯುವಕ. ವಯಸ್ಸು 26, ಬಿ.ಕಾಂ. ಆಗಿದೆ. ಚಿಕ್ಕಮಗಳೂರಿಗೆ, ಸಲಹೆ ಕೊಡುವ ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತಾ ಹೋದಂತೆ ವಿಷಯ ಹೊರಬಿತ್ತು. ಜೊತೆಗೆ ಓದಿದವರೆಲ್ಲ ಬೆಂಗಳೂರು ಸೇರಿದ್ದಾರೆ. ಇವರಿಗೆ ಎಚ್‌ಆರ್, ಅಂದರೆ ಕಂಪನಿಯ ಸಿಬ್ಬಂದಿ ವಿಷಯ ನೋಡಿಕೊಳ್ಳುವ ಕೆಲಸದ ಆಸೆ. ಅರ್ಜಿ ಹಾಕಿದ ಕಡೆಯೆಲ್ಲ ‘ಅನುಭವ ಇಲ್ಲ’ ಅಂದಿದ್ದಾರೆ. ಮೊದಲು ದುಡ್ಡು ಕಟ್ಟು, ಆಮೇಲೆ ಕೆಲಸ ಅಂತ ಒಬ್ಬ ಏಜೆಂಟ್ ಬೇರೆ ಹಿಂದೆ ಬಿದ್ದಿದ್ದಾನೆ. ಅಪ್ಪನದು ಒಂದೇ ಮಾತು, ಸರ್ಕಾರಿ ಪರೀಕ್ಷೆ ಬರಿ.

“ಎಂಬಿಎ ಇಲ್ಲ, ಇಂಗ್ಲಿಷ್ ಸರಿಯಾಗಿ ಬರಲ್ಲ. ನಂಗ್ಯಾರು ಕೊಡ್ತಾರೆ ಮೇಡಂ?”

ರೆಸ್ಯೂಮೆ ನೋಡಿದೆ. ಮೇಲೆ ಎಲ್ಲಿಂದಲೋ ತೆಗೆದ ಇಂಗ್ಲಿಷ್ ಸಾಲುಗಳು. ಕೊನೆಯಲ್ಲಿ ‘ಎಸ್ಟೇಟ್ ರೈಟರ್, 4 ವರ್ಷ’ ಅಂತ ಒಂದೇ ಸಾಲು, ಅದೂ ಸಣ್ಣ ಅಕ್ಷರದಲ್ಲಿ. ಕೊಯ್ಲಿನ ಕಾಲದ ಒಂದು ದಿನವನ್ನು ಬೆಳಿಗ್ಗೆಯಿಂದ ಹೇಳಿ ಅಂದೆ. ಹಾಜರಿ ಕರೆಯುವುದು, ಯಾರು ತೋಟದ ಯಾವ ಪಟ್ಟೆಗೆ ಅಂತ ಹಂಚುವುದು, ಸಂಜೆ ಹಣ್ಣು ತೂಗಿ ಬರೆದುಕೊಳ್ಳುವುದು, ವಾರಕ್ಕೊಮ್ಮೆ ಬಟವಾಡೆ. ಅಸ್ಸಾಂನಿಂದ ಬಂದ ಕೆಲಸಗಾರನೊಬ್ಬನ ಹೆಸರು ಆಧಾರ್‌ನಲ್ಲಿ ಒಂದು ಥರ, ಪಿಎಫ್‌ನಲ್ಲಿ (ಭವಿಷ್ಯ ನಿಧಿ) ಇನ್ನೊಂದು ಥರ ಇತ್ತಂತೆ. ಅದನ್ನು ಸರಿ ಮಾಡಿಸಿ, ತಡೆದಿದ್ದ ಪಿಎಫ್ ಹಣ ಬಿಡಿಸಿಕೊಟ್ಟವರು ಇವರೇ. ತೂಕದಲ್ಲಿ ಮೋಸ ಅಂತ ಜಗಳ ಎದ್ದಾಗ ಎಲ್ಲರ ಎದುರಿಗೇ ಮತ್ತೆ ತೂಗಿಸಿದವರೂ ಇವರೇ.

ಇಷ್ಟು ಕೇಳಿದ ಮೇಲೆ ಹೇಳಿದೆ: “ಇದೇ ರೀ ಎಚ್‌ಆರ್ ಕೆಲಸ. ನೀವು ಹೊಸಬರಲ್ಲ.”

ಈ ಕೆಲಸಕ್ಕೆ ಬರುವ ದಾರಿ ಒಂದೇ ಅಲ್ಲ. ಕೆಲವರು ಎಂಬಿಎ, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಬರುತ್ತಾರೆ. ನೇಮಕಾತಿ ಏಜೆನ್ಸಿಯಲ್ಲಿ ಫೋನ್ ಮಾಡುತ್ತಾ ಶುರು ಮಾಡಿದವರಿದ್ದಾರೆ. ಕಾರ್ಖಾನೆಯ ಟೈಮ್ ಆಫೀಸಿಗೆ ಹಾಜರಿ ನೋಡಲು ಸೇರಿ, ಸಂಬಳದ ಲೆಕ್ಕ ಕಲಿತು ಮೇಲೆ ಬಂದವರೂ ಇದ್ದಾರೆ. ಇವರಿಗೆ ಒಗ್ಗುವುದು ಈ ಕೊನೆಯದೇ ಅಂತ ನನಗೆ ಅನ್ನಿಸಿತು. ಬೆಂಗಳೂರಿನ ಐಟಿ ಕಂಪನಿಗಳನ್ನು ಸದ್ಯಕ್ಕೆ ಬಿಡಿ, ಹಾಸನದ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಗಳಲ್ಲಿ ಟೈಮ್ ಆಫೀಸ್, ಪೇರೋಲ್ (ಸಂಬಳದ ಲೆಕ್ಕ) ಕೆಲಸ ಹುಡುಕಿ ಅಂದೆ. ದೊಡ್ಡ ಪ್ಲಾಂಟೇಶನ್ ಕಂಪನಿಗಳ ಆಫೀಸಿಗೂ ಅರ್ಜಿ ಹಾಕಿ. ಅಲ್ಲಿ ಕೆಲಸಗಾರರ ಜೊತೆ ಕನ್ನಡದಲ್ಲಿ ಮಾತಾಡಬಲ್ಲವರು ಬೇಕು. ಇಂಗ್ಲಿಷ್ ಬೇಕಾಗುವುದು ಪತ್ರ, ಇಮೇಲ್‌ಗೆ. ದಿನಕ್ಕೊಂದು ಬರೆದು ಅಭ್ಯಾಸ ಮಾಡಿದರೆ ಬರುತ್ತದೆ.

ಕಲಿಯಬೇಕಾದ್ದೂ ಇದೆ. ಎಕ್ಸೆಲ್ ಮೊದಲು. ಪಿಎಫ್‌ಗೆ ಕೆಲಸಗಾರನಿಂದ 12%, ಮಾಲೀಕರಿಂದ 12% ಅನ್ನುವುದು ಇವರಿಗೆ ಗೊತ್ತು. ಎಸ್ಟೇಟಿನಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇಲ್ಲದ್ದರಿಂದ ಅದು ಗೊತ್ತಿರಲಿಲ್ಲ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು. ಕೆಲಸಗಾರನದು 0.75%, ಮಾಲೀಕರದು 3.25%. ಸಂದರ್ಶನದಲ್ಲಿ ಇದನ್ನು ಕೇಳೇ ಕೇಳುತ್ತಾರೆ.

ಎಂಬಿಎಗೆ ಸಾಲ ಮಾಡಬೇಡಿ ಅಂದೆ. ಕೆಲಸದಲ್ಲಿದ್ದುಕೊಂಡೇ ಮೈಸೂರಿನ ಮುಕ್ತ ವಿವಿಯಲ್ಲಿ ಓದಬಹುದು. ಕೆಲಸಗಾರರ ಅನುಕೂಲ ನೋಡಿಕೊಳ್ಳುವ ಕಲ್ಯಾಣಾಧಿಕಾರಿ ಆಗುವ ಮನಸ್ಸಿದ್ದರೆ ಎಂಎಸ್‌ಡಬ್ಲ್ಯು ಜಾಸ್ತಿ ಉಪಯೋಗ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕೆಲಸಗಾರರಿದ್ದರೆ ಆ ಹುದ್ದೆ ಕಡ್ಡಾಯವಿತ್ತು. ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯಕ್ಕೆ ಸಂಬಂಧಿಸಿದ 2020ರ ಕಾರ್ಮಿಕ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ, ತೋಟಗಳಿಗೂ ಸೇರಿ. ಏಜೆಂಟ್‌ಗೆ ಮಾತ್ರ ಒಂದು ಪೈಸೆಯನ್ನೂ ಕೊಡಬೇಡಿ.

ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿದರು. “ಎಚ್‌ಆರ್ ಅಂದ್ರೆ ಮಾಲೀಕರ ಕಡೆಯವರು ಅಲ್ವಾ ಮೇಡಂ?” ಈ ಪ್ರಶ್ನೆ ಕೇಳುವವರೇ ಆ ಕೆಲಸಕ್ಕೆ ಬರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಸಂಬಳ ಕೊಡುವವರು ಮಾಲೀಕರು, ನಿಜ. ಒಬ್ಬರನ್ನು ಕೆಲಸದಿಂದ ತೆಗೆಯುವ ಪತ್ರವನ್ನೂ ಒಂದು ದಿನ ನೀವೇ ಕೊಡಬೇಕಾಗುತ್ತದೆ. ಆದರೆ ಕೂಲಿ ಲೆಕ್ಕ ತಪ್ಪಿದರೆ ಮಾಲೀಕರ ಮುಖಕ್ಕೇ ಅದನ್ನು ಹೇಳಬೇಕಾದವರೂ ನೀವೇ. ತೂಕ ಮತ್ತೆ ಹಾಕಿಸಿದಿರಲ್ಲ, ಹಾಗೆ.

ರೆಸ್ಯೂಮೆಯನ್ನು ಜೊತೆಗೆ ಕೂತು ತಿದ್ದಿದೆವು. ರೈಟರ್ ಕೆಲಸ ಈಗ ಎಲ್ಲಕ್ಕಿಂತ ಮೇಲಿದೆ: ಎಷ್ಟು ಜನರ ಹಾಜರಿ, ಎಷ್ಟು ಬಟವಾಡೆ, ಯಾವ ದಾಖಲೆ. ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ. ಕೊಯ್ಲಿನ ನಡುವೆ ಕೆಲಸ ಬಿಡುವುದು ಬೇಡ. ಮುಗಿಸಿ, ಎಸ್ಟೇಟಿನಿಂದ ಅನುಭವ ಪತ್ರ ಬರೆಸಿಕೊಂಡೇ ಹೊರಡಲಿ.